ಬಳಸುವವರಿದ್ದರೆ ಹೇಳಿ

ಅಕ್ಕಾವರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಇಸ್ತ್ರಿ ಮಾಡುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಕೆಲಸ ಮಾಡುವರು. ಎರಡು ಸಾಲು ಟೈಪ್ ಮಾಡಿ ಕಿಟಕಿಯವರೆಗೆ ಹೋಗುವರು, ಹೊರಗೆ ಯಾರೋ ಕರೆದಂತೆ ಇಣುಕುವರು, ಮತ್ತೆ ಬರುವರು. ಕೂತುಕೊಳ್ಳಿ ಎಂದರೆ, "ನಾ ಕೂತ್ರ ತಲಿನೂ ಕೂತುಬಿಡ್ತೈತಿ ತಮ್ಮಾ" ಎನ್ನುವರು.

ಈ ಪರದೇಶದಲ್ಲಿ, ಒನೆಹುಂಗಾ ಎಂಬ ಬಡಾವಣೆಯಲ್ಲಿ, ನಮ್ಮ ಪಕ್ಕದ ಮನೆ ಅವರದು. ನನ್ನ ಹೆಂಡತಿ ನರ್ಸ್. ಅವಳ ವೀಸಾದ ಬೆನ್ನಿಗೆ ಬಂದವನು ನಾನು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಲೇಥ್ ಅಂಗಡಿಯಲ್ಲಿ ಕೈ ಪಳಗಿಸಿದವನಿಗೆ, ಈಸ್ಟ್ ತಮಾಕಿಯ ಕಾರ್ಖಾನೆಯಲ್ಲಿ ಅಡುಗೆಮನೆ ಕಪಾಟಿನ ಹಲಗೆ ಕತ್ತರಿಸುವ ಕೆಲಸ ಸಿಕ್ಕಿತು. ಯಾರ ಶಿಫಾರಸೂ ಇಲ್ಲದೆ ಸಿಕ್ಕಿತು, ಅದನ್ನು ಹೇಳಲೇಬೇಕು. ನಾನು ಓಡಿಸುವ ಯಂತ್ರ ಹಳೆಯದು, ಅದಕ್ಕಿರುವ ಕಂಪ್ಯೂಟರ್ ಇನ್ನೂ ಹಳೆಯದು. ಯಂತ್ರ ಹೋದರೆ ನಾನೂ ಹೋದಂತೆ.

ಅಕ್ಕಾವರು ನಿವೃತ್ತರಾದ ಮೇಲೆ ಸಂಬಳವಿಲ್ಲದ ಕೆಲಸವೊಂದನ್ನು ಹಚ್ಚಿಕೊಂಡಿದ್ದರು. ಕತ್ತರಿಸುವ ಯಂತ್ರಗಳಿಗೆ ಬೇಕಾದ ಲೆಕ್ಕ ಮಾಡುವ ಒಂದು ಲೈಬ್ರರಿ, ಅಂದರೆ ಯಾವ ಕಂಪನಿಯವರಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡು. ಬೇರೆ ಬೇರೆ ದೇಶದ ಕೆಲವರು ಸೇರಿ ಅದನ್ನು ನೋಡಿಕೊಳ್ಳುತ್ತಿದ್ದರು. ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು ಕಂಪೈಲರ್. ಹೊಸ ಕಂಪೈಲರ್‌ಗಳ ಜೊತೆಗೆ ಹಳೆಯವೂ ಆ ಲೈಬ್ರರಿಯನ್ನು ಒಪ್ಪುವಂತೆ ನೋಡಿಕೊಳ್ಳುವುದು ಅಕ್ಕಾವರ ಪಾಲಿನ ಕೆಲಸ.

ನಮ್ಮ ಯಂತ್ರದೊಳಗೂ ಅದೇ ಲೈಬ್ರರಿ ಇದೆಯೆಂದು ನನಗೆ ಗೊತ್ತಾದದ್ದು ಯಂತ್ರ ಮುನಿಸಿಕೊಂಡ ದಿನ. ರಿಪೇರಿಯವನು ಪ್ರೋಗ್ರಾಮಿನ ಹೊಸ ಆವೃತ್ತಿ ತಂದ; ನಮ್ಮ ಹಳೆಯ ಕಂಪೈಲರ್ ಅದನ್ನು ಒಪ್ಪಲಿಲ್ಲ. ಬಾಸ್ ಬಂದು ಯಂತ್ರದ ಬೆನ್ನು ತಟ್ಟಿ, "ಸಾರಿ ಮೇಟ್, ಇನ್ನು ಇದು ಸ್ಕ್ರ್ಯಾಪಿಗೆ" ಎಂದ. ನಾನು ಪರದೆಯ ಫೋಟೋ ತೆಗೆದು ಸಂಜೆ ಅಕ್ಕಾವರಿಗೆ ತೋರಿಸಿದೆ. ಅವರು ಓದಿದರು. ಓದಿ ಕುರ್ಚಿಯಲ್ಲಿ ಕೂತುಬಿಟ್ಟರು.

"ಇದು ನಮ್ಮ ಕೋಡ. ಒಬ್ಬ ಹುಡುಗ ಬರದಿದ್ದ, ಚಂದ ಐತಿ ಅಂತ ನಾನ ಪಾಸ್ ಮಾಡೇನಿ."

"ಏನ್ ತಪ್ಪಾತ್ರಿ?"

"ತಪ್ಪೇನಿಲ್ಲ. ಹಳೇ ಕಂಪೈಲರ್ ಅಂದ್ರ ನಮ್ಮತ್ತಿ ಇದ್ದಂಗ. ಒಲಿ ಹಚ್ಚೋ ಮೊದ್ಲ ಎಲ್ಲಾ ಡಬ್ಬಿ ಕಟ್ಟಿ ಮ್ಯಾಲ ಇರಬೇಕು. ನಡುವ ಸಾಸಿವಿ ಡಬ್ಬಿ ತಗಿಯಾಕ ಹೋದ್ರ ಒಲಿನ ಆರಿಸಿಬಿಡ್ತಿದ್ಲು. ಲೆಕ್ಕಕ್ಕ ಬೇಕಾದ ಹೆಸರೆಲ್ಲಾ ಮೊದ್ಲ ಹೇಳಿಡಬೇಕು, ಆ ಹುಡುಗ ನಡುವ ಹೊಸ ಹೆಸರು ತಂದಾನ."

"ಮತ್ತ ಹೊಸಾ ಕಂಪೈಲರ್?"

"ಅದು ನಮ್ಮ ಸೊಸಿ. ಎಲ್ಲಾದಕ್ಕೂ ನೋ ವರೀಸ್ ಅಂತೈತಿ."

ಆ ಹೆಸರಿನ ಸಾಲುಗಳನ್ನು ಮೇಲಕ್ಕೆ ಸರಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಆದರೆ ಹಳೆಯದಕ್ಕಾಗಿ ಎಲ್ಲಿಯವರೆಗೆ ಹೀಗೆ ತಿದ್ದುವುದು ಎಂದು ಲೈಬ್ರರಿ ನೋಡಿಕೊಳ್ಳುವ ಉಳಿದವರು ರೇಗಿದರು. ಅವರಲ್ಲೊಂದು ಪದ್ಧತಿ: ಹಳೆಯದನ್ನು ಕೈಬಿಡುವ ಮೊದಲು ತಮ್ಮ ವೆಬ್‌ಸೈಟಿನಲ್ಲಿ ಒಂದು ನೋಟಿಸು ಹಾಕುತ್ತಾರೆ, 'ಬಳಸುವವರಿದ್ದರೆ ಹೇಳಿ' ಎಂದು. ಯಾರೂ ಮಾತಾಡದಿದ್ದರೆ ಯಾರೂ ಇಲ್ಲವೆಂದೇ ಅರ್ಥ. ಈಗಲೂ ಹಾಕಿದರು, ತಿಂಗಳ ಕೊನೆಯವರೆಗೆ ಗಡುವು.

"ಮಷೀನ್ ಮುಂದ ನಿಂತಾಂವಗ ಇಂಥಾದ್ದೊಂದು ನೋಟಿಸ್ ಐತಿ ಅಂತನ ಗೊತ್ತಿರಂಗಿಲ್ಲ. ನಿನಗ ಗೊತ್ತಾಗೇತಿ. ನೀ ಬರಿ."

"ನೀವ ಬರೀರಲ್ಲ ಅಕ್ಕಾರ."

"ನಾ ಒಳಗಿನಾಕಿ. ನನ್ನ ಮಾತು ಹಿಡಿಯಂಗಿಲ್ಲ."

ಕಲಿತವರ ನಡುವೆ ನನ್ನ ಮುರುಕು ಇಂಗ್ಲಿಷ್ ಬಿಚ್ಚಿಡುವುದೇ? "ನಾ ಯಾರ ಮುಂದೂ ಕೈ ಒಡ್ಡಾಂವಲ್ಲರಿ" ಎಂದೆ.

"ಬೇಡು ಅಂದೆನೇನು? ಇದ್ದೀನಿ ಅಂತ ಹೇಳು, ಅಷ್ಟ." ಕಿಟಕಿಗೆ ಹೋಗಿ ಬಂದರು. "ಸ್ಪೆಲಿಂಗ್ ತಪ್ಪಾದ್ರ ಕಂಪೈಲರ್ ಬೈತೈತಿ, ಮಂದಿ ಬೈಯಂಗಿಲ್ಲೋ."

ಆ ವಾರವೆಲ್ಲ ನನಗೆ ಸಮಾಧಾನವಿರಲಿಲ್ಲ. ಅಂಗಡಿ ಬೀದಿಯಲ್ಲಿ ಸುಮ್ಮನೆ ಆಚೆ ಈಚೆ ಅಲೆದೆ. ಹೆಂಡತಿ ಹಾಲು ತರಲು ಡೈರಿಗೆ ಕಳಿಸಿದರೆ ಬರಿಗೈಲಿ ಬಂದೆ. ಗಡುವಿನ ಹಿಂದಿನ ದಿನ, ಕೆಲಸಕ್ಕೆ ಹೊರಡುವ ಮೊದಲು ಕಾರಿನಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದೆ: ನಾನು ಬಳಸುತ್ತೇನೆ. ಯಂತ್ರ ಚೆನ್ನಾಗಿದೆ. ದಯವಿಟ್ಟು ತೆಗೆಯಬೇಡಿ.

ಮಧ್ಯಾಹ್ನದ ಹೊತ್ತಿಗೆ ಯಾವುದೋ ದೇಶದಲ್ಲಿ ಚಪ್ಪಲಿಯ ತೊಗಲು ಕತ್ತರಿಸುವವನೊಬ್ಬ, 'ನಮ್ಮಲ್ಲೂ ಇದೇ' ಎಂದು ನನ್ನ ಕೆಳಗೆ ಬರೆದಿದ್ದ. ಅವನ ಹಿಂದೆ ಇನ್ನಿಬ್ಬರು. ಹಳೆಯ ಕಂಪೈಲರ್ ಉಳಿಯಿತು, ಯಂತ್ರ ಉಳಿಯಿತು, ನಾನು ಉಳಿದೆ. ಸಿಹಿ ತೆಗೆದುಕೊಂಡು ಹೋದರೆ ಅಕ್ಕಾವರು ಡಬ್ಬಿಯ ಕಡೆ ನೋಡಲೂ ಇಲ್ಲ. "ಒಮ್ಮೆ ಹೇಳಿದ್ರ ಮುಗೀತು ಅನಕೊಂಡಿ ಏನು? ಹೊಸಾದು ಬಂದಾಗೆಲ್ಲಾ ನಿನ್ನ ಮಷೀನ್ ಮ್ಯಾಲ ಓಡಿಸಿ ನೋಡಿ ಹೇಳಬೇಕು."

ಈ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿದ್ದಾಗ, ವಾರ್ಡಿನಲ್ಲೂ ಹಾಸಿಗೆ ಬಿಟ್ಟು ಓಡಾಡುತ್ತಾರೆಂದು ನನ್ನವಳು ಬೈಯುತ್ತಿದ್ದಳು. ನನ್ನ ಅನ್ನ ಉಳಿಸಿದವರೆಂದು ಒಮ್ಮೆಯೂ ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ಕಿಟಕಿಯ ಕಡೆ ನಡೆದುಬಿಡುತ್ತಿದ್ದರು.

ಕಳೆದ ವಾರ ಮತ್ತೆ ನೋಟಿಸು ಬಿತ್ತು. ನಾನು ಯಂತ್ರದ ಪಕ್ಕದಲ್ಲೇ ನಿಂತು ಉತ್ತರ ಬರೆದೆ. ಆಮೇಲೆ ಪಕ್ಕದ ಶೆಡ್ಡಿಗೆ ಹೋದೆ. ಅಲ್ಲಿನ ಸಮೋವಾದ ಗೆಳೆಯನದೂ ಅಂಥದೇ ಹಳೆಯ ಯಂತ್ರ. ನನ್ನ ಇಂಗ್ಲಿಷ್ ಸರಿಯಿಲ್ಲ, ನೀನೇ ನನ್ನ ಹೆಸರೂ ಸೇರಿಸಿಬಿಡು ಎಂದ. ಆಗುವುದಿಲ್ಲ ಎಂದೆ. ಫೋನು ಅವನ ಕೈಗಿಟ್ಟೆ.