ಇಂದ್ರಾಬಾಯಿಯ ರೊಟ್ಟಿಯ ಸದ್ದು

ಇಂದ್ರಾಬಾಯಿ ಮಗುವನ್ನು ನನ್ನ ಕೈಗೆ ಕೊಟ್ಟು ಹೋದಾಗ ಅದು ನಿದ್ದೆಯಲ್ಲಿತ್ತು.

"ಅಕ್ಕಾರ, ಒಂದೀಟು ಹಿಡೀರಿ. ಹಿಟ್ಟು ಹಾಕಿಸ್ಕೊಂಡು ಬರ್ತೀನಿ. ಎದ್ದು ಅತ್ತರ ಪಾಠ ಹೇಳಬ್ಯಾಡ್ರಿ ಮತ್ತ, ಇನ್ನೂ ಜೋರು ಅಳ್ತದ," ಎಂದು ನಕ್ಕು, ಜೋಳದ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಹೋದಳು.

ಮಗು ಏಳುವುದಕ್ಕೆ ಮೊದಲೇ ಸುದ್ದಿ ಬಂತು. ಬಾಗಿಲಲ್ಲಿ ಯಾರೋ ಏದುಸಿರು ಬಿಡುತ್ತ ನಿಂತು, ಇಂದ್ರಾಬಾಯಿ ಫಾಸ್ಟ್ ಲೋಕಲ್ ರೈಲಿಗೆ ಸಿಕ್ಕಳು, ಹೋದಳು ಎಂದರು. ನಾನು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ, ಮಗು ಮಲಗಿದೆ" ಎಂದೆ. ಹಾಗೆ ಅಂದದ್ದು ನಾನೇ ಎಂದು ಈಗಲೂ ನನಗೆ ನಂಬಿಕೆಯಾಗುವುದಿಲ್ಲ.

ಇದು ನಡೆದದ್ದು ಹೋದ ವರ್ಷ, ಎಪ್ಪತ್ತೊಂದರ ಜನವರಿಯಲ್ಲಿ, ಭಾಂಡುಪ್‌ನಲ್ಲಿ. ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಟೀಚರ್. ಮೈಸೂರಿನವಳು. ನಮ್ಮ ಬಿಲ್ಡಿಂಗಿನ ಎದುರು ಒಂದು ಚಾಳು. ಅದರ ಒಂದು ಸಾಲಿನ ಖೋಲಿಗಳಲ್ಲೆಲ್ಲ ಅಫಜಲಪುರ ಕಡೆಯ ಒಂದೇ ಊರಿನ ಅಣ್ಣತಮ್ಮಂದಿರ ಸಂಸಾರಗಳು. ಕೊನೆಯ ಖೋಲಿ ಇಂದ್ರಾಬಾಯಿಯದು. ಗಂಡ ರಾಮಪ್ಪ ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅವಳು ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಕಾರ್ಖಾನೆಯವರು, ಕಟ್ಟಡದ ಕೆಲಸದವರು ಅವಳ ಕೈರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಿದ್ದರು.

ನಾನು ಅವಳ ಸ್ನೇಹಕ್ಕೆ ಬಿದ್ದದ್ದೂ ರೊಟ್ಟಿಯಿಂದಲೇ. ನಮ್ಮ ಮನೆಯಲ್ಲಿ ಗ್ಯಾಸಿಲ್ಲದ ಒಂದು ದಿನ ಬುತ್ತಿ ಕಟ್ಟಿಸಿಕೊಳ್ಳಲು ಹೋಗಿದ್ದೆ. ಒಂದು ರೊಟ್ಟಿ ಸಾಕು ಎಂದೆ. ಅವಳು ಒಲೆಯ ಮುಂದಿನಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಒಂದು ರೊಟ್ಟಿ ಕಟ್ಟಿಕೊಟ್ರ ನಮ್ಮ ಖಾನಾವಳಿ ಮರ್ಯಾದಿ ಹೋಗ್ತದ್ರಿ. ಅನ್ನಾ ಉಂಡು ಉಂಡು ನೀವೂ ಅನ್ನದಂಗ ಮೆತ್ತಗ ಆಗೀರಿ. ತಗೋರಿ ಎರಡು. ಉಳಿದ್ರ ಸಾಲಿ ಹುಡುಗರಿಗೆ ಹೊಡೀಲಿಕ್ಕೆ ಬರ್ತಾವ."

ಆಮೇಲೆ ಸಂಜೆ ಶಾಲೆಯಿಂದ ಬರುವಾಗ ಅವಳ ಹೊಸ್ತಿಲ ಮೇಲೆ ಕೂರುವುದು ನನಗೆ ರೂಢಿಯಾಯಿತು. ನಾನು ಓದಿದ ಕಥೆಗಳನ್ನು ಹೇಳುತ್ತಿದ್ದೆ. ಅವಳು ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು. ಕಥೆಯಲ್ಲಿ ಯಾರಾದರೂ ಸುಮ್ಮನೆ ಅಳುತ್ತ ಕೂತರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಆಕಿಗೆ ಕೆಲಸ ಇಲ್ಲೇನ್ರಿ?" ಎಂದು ಕೇಳುತ್ತಿದ್ದಳು.

ಹಳೆಯ ಸೀರೆಯ ಜೋಳಿಗೆಯನ್ನು ಒಲೆಯ ಪಕ್ಕದ ತೊಲೆಗೆ ಕಟ್ಟಿ ಮಗಳು ಶೀಲಾಳನ್ನು ಅದರಲ್ಲಿ ಮಲಗಿಸುತ್ತಿದ್ದಳು. ಜೋಳಿಗೆಯ ಹಗ್ಗ ಅವಳ ಕಾಲ ಹೆಬ್ಬೆರಳಿಗೆ. ಕೈ ರೊಟ್ಟಿ ತಟ್ಟುತ್ತಿತ್ತು, ಕಾಲು ತೂಗುತ್ತಿತ್ತು. ಹೆರಿಗೆಯ ಹಿಂದಿನ ದಿನದವರೆಗೂ ಅವಳು ರೊಟ್ಟಿ ತಟ್ಟಿದವಳು. ನಾಲ್ಕು ತಿಂಗಳ ಆ ಕೂಸು ಅತ್ತದ್ದನ್ನು ನಾನು ಹೆಚ್ಚು ಕೇಳಿರಲಿಲ್ಲ.

ಹಿಟ್ಟಿನ ವಿಷಯದಲ್ಲಿ ಮಾತ್ರ ಅವಳದು ಹಟ. ನಮ್ಮ ಕಡೆಯ ಗಿರಣಿಯಲ್ಲಿ ಗೋದಿ ಬೀಸಿದ ಕಲ್ಲಿಗೇ ಜೋಳ ಹಾಕುತ್ತಾರೆ, ರೊಟ್ಟಿ ಜಿಗಟಾಗುತ್ತದೆ ಎನ್ನುತ್ತಿದ್ದಳು. ರೇಲ್ವೆ ಲೈನಿನ ಆಚೆ ಜೋಳಕ್ಕೇ ಬೇರೆ ಕಲ್ಲಿಟ್ಟ ಗಿರಣಿಯಿತ್ತು. ಅಲ್ಲಿಗೆ ಹೋಗಲು ಲೈನಿನ ಮೇಲೆ ಪೂಲ್, ಕಾಲುಸೇತುವೆ, ಇದೆ. ಆದರೆ ಹೆರಿಗೆಯಾದ ಮೇಲೆ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿದರೆ ಸೊಂಟ ಹಿಡಿಯುತ್ತದೆಂದು ಅವಳು ಲೈನ್ ದಾಟಿಯೇ ಹೋಗುತ್ತಿದ್ದಳು. ಎಲ್ಲರೂ ದಾಟುತ್ತಿದ್ದರು. ಆ ದಿನ ಬರುವಾಗ ಸ್ಲೋ ಲೋಕಲ್ ಹೋಗಲೆಂದು ಕಾದಿದ್ದಾಳೆ. ಅದು ಹೋಯಿತು, ಇವಳು ಕಾಲಿಟ್ಟಳು. ಅದರ ಹಿಂದಿನಿಂದ ಇನ್ನೊಂದು ಲೈನಿನ ಮೇಲೆ ಫಾಸ್ಟ್ ಬಂತು. ತಲೆಯ ಮೇಲೆ ಡಬ್ಬಿ ಇದ್ದವರು ಗಕ್ಕನೆ ಕತ್ತು ತಿರುಗಿಸಲಾರರು.

ಡಬ್ಬಿಗೆ ಏನೂ ಆಗಿರಲಿಲ್ಲ. ಒಂದು ಮೂಲೆ ನೆಗ್ಗಿತ್ತು, ಅಷ್ಟೆ. ಮುಚ್ಚಳಕ್ಕೆ ಅವಳೇ ಬಿಗಿಯಾಗಿ ಕಟ್ಟಿದ್ದ ಬಟ್ಟೆ ಕೂಡ ಸಡಿಲಿರಲಿಲ್ಲ. ಪೊಲೀಸರು ಅದನ್ನು ತಂದು ಬಾಗಿಲ ಹೊರಗಿಟ್ಟು ಹೋದರು. ಯಾರೂ ಮುಟ್ಟಲಿಲ್ಲ. ಮಣ್ಣಿಗೆ ಹೋಗಿಬಂದವರೂ ಅದನ್ನು ಸುತ್ತುಹಾಕಿಕೊಂಡೇ ಒಳಗೆ ಬಂದರು.

ಅಷ್ಟು ಹೊತ್ತಿಗೆ ಮಗು ಅಳಲು ಶುರುಮಾಡಿ ಆಗಿತ್ತು.

ಹಸಿವೆಂದುಕೊಂಡೆವು. ಪಕ್ಕದ ಖೋಲಿಯ ನೀಲಾಬಾಯಿಗೂ ಮೊಲೆ ಕುಡಿಯುವ ಕೂಸಿತ್ತು. ಅವಳು ಅಳುತ್ತಲೇ ಶೀಲಾಳನ್ನು ಎದೆಗೆ ಹಚ್ಚಿದಳು. ಮಗು ಮುಖ ತಿರುವಿ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚಿತು. ಚಮಚದಲ್ಲಿ ಹಾಲು ಹಾಕಿದರೆ ಕಟವಾಯಿಯಿಂದ ಹೊರಗೆ. ಬಜೆ ತೇಯ್ದು ನೆಕ್ಕಿಸಿದರು. ಗ್ರೈಪ್ ವಾಟರ್ ಕುಡಿಸಿದೆವು. ಹೊಟ್ಟೆಗೆ ಇಂಗು ಹಚ್ಚಿದರು. ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಅದನ್ನು ಬೆಂಕಿಗೆ ಹಾಕಬೇಕು, ಆ ಸಾಲಿನಲ್ಲಿ ಎಲ್ಲಿಯೂ ಬೆಂಕಿಯಿಲ್ಲ. ಅಣ್ಣತಮ್ಮಂದಿರ ಮನೆಗಳಾದ್ದರಿಂದ ಸೂತಕ ಎಲ್ಲರಿಗೂ ಇತ್ತು, ಎಲ್ಲರ ಒಲೆಯೂ ಆರಿತ್ತು. ನಾನೇ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಸ್ಟೋವಿನ ಮೇಲೆ ಸುಟ್ಟೆ. ನಮ್ಮ ಬಿಲ್ಡಿಂಗಿನವರು ಅನ್ನ ಮಾಡಿ ಕಳಿಸುತ್ತಿದ್ದೆವು. ಅವರು ಅದನ್ನು ಬೆರಳಲ್ಲಿ ಕಲಸಿ ಬಿಡುತ್ತಿದ್ದರು.

ಮರುದಿನವೂ ಹಾಗೆಯೇ. ಒಂದಿಷ್ಟು ಬಿಕ್ಕುತ್ತ ತೂಕಡಿಸುವುದು, ಬೆಚ್ಚಿ ಎದ್ದು ಮತ್ತೆ ಅಳುವುದು. ಮೂರನೆಯ ದಿನ ಅದರ ದನಿ ಒಡೆದು ಬೆಕ್ಕಿನ ಮರಿಯ ದನಿಯಾಯಿತು. ನೆತ್ತಿ ಕುಳಿಬಿತ್ತು. ಡಾಕ್ಟರು ಬಂದು ಅದರ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಮಡಿಕೆ ಹಾಗೆಯೇ ನಿಂತಿತು. "ಸಂಜೆಯೊಳಗೆ ಕುಡಿಯದಿದ್ದರೆ ದೊಡ್ಡ ಆಸ್ಪತ್ರೆಗೆ ಹೊರಡಿ. ಅಲ್ಲಿಗೆ ಹೋದರೂ ನಾನು ಏನೂ ಹೇಳಲಾರೆ," ಎಂದರು.

ಇಂದ್ರಾಬಾಯಿಯ ಅತ್ತೆ ರುದ್ರವ್ವ ಗೋಡೆಗೆ ಒರಗಿ ಕೂತಿದ್ದಳು. ರಾಮಪ್ಪ ಬಾಯಿಯೇ ಬಿಟ್ಟಿರಲಿಲ್ಲ. ಮಗುವಿನ ಕಡೆ ನೋಡಿಯೂ ಇರಲಿಲ್ಲ. ಅವನ ಎದುರಿಗೇ ಒಲೆ, ಬೋರಲು ಹಾಕಿದ ಹಂಚು, ರೊಟ್ಟಿ ತಟ್ಟುವ ಹಲಗೆ.

ಮಧ್ಯಾಹ್ನ ಖಂಡಪ್ಪ ಬಂದ. ಬೊರಿವಲಿಯಲ್ಲಿ ಗವಂಡಿ, ಎಂದರೆ ಗಾರೆ, ಕೆಲಸ ಮಾಡುವವನು, ಖಾನಾವಳಿಯ ಹಳೆಯ ಗಿರಾಕಿ, ಬೇರೆ ಊರಿನವನು. ಇಂದ್ರಾಬಾಯಿ ಅವನನ್ನು ದಿನಾ ಆಡಿಕೊಳ್ಳುತ್ತಿದ್ದಳು. "ಖಂಡಪ್ಪಾ, ನಿಂದು ಹೊಟ್ಟೀನೋ ಗಿರಣೀನೋ? ಹಾಕಿದ್ದೆಲ್ಲಾ ಹಿಟ್ಟು ಮಾಡ್ತೀ!" ಅವನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಹಿಂಗ ಕುಂದರ್ತಿದ್ದಳು ನಮ್ಮವ್ವ," ಎಂದ ಇಂದ್ರಾಬಾಯಿಯನ್ನು ನೆನೆದು. "ಹಿಂಗ ಬಡೀತಿದ್ದಳು. ನಾ ತಿನ್ನೂದು ತಡಾ ಆದ್ರ ನನ್ನ ಬೆನ್ನಿಗೆ ಬಡಿದಂಗ ಬಡೀತಿದ್ದಳು." ಹೇಳುತ್ತ ಹೇಳುತ್ತ ತನ್ನ ಸುಣ್ಣ ತಿಂದ ಅಂಗೈಯಿಂದ ಬರಿಯ ಹಲಗೆಯ ಮೇಲೆ ತಟ್ಟಿದ.

ನೀಲಾಬಾಯಿಯ ತೊಡೆಯ ಮೇಲೆ ಮಗುವಿನ ಅಳು ನಿಂತಿತು.

ಹೋಯಿತು ಎಂದುಕೊಂಡೆ ನಾನು. ನೀಲಾಬಾಯಿ ಬಗ್ಗಿ ನೋಡಿ, "ಕಣ್ಣು ಬಿಟ್ಟದ ರೀ," ಎಂದಳು. ಮಗು ಅಲುಗಾಡದೆ ಹಲಗೆಯ ಕಡೆಗೆ ಕಿವಿಗೊಟ್ಟಿತ್ತು. ಖಂಡಪ್ಪ ಹೆದರಿ ಕೈ ತೆಗೆದ. ಅಳು ಮತ್ತೆ ಹತ್ತಿತು.

"ಬಡಿ ಖಂಡಪ್ಪ, ಬಡಿ!" ಎಂದು ನೀಲಾಬಾಯಿ ಕೂಗಿದಳು. ಅವನು ಬಡಿದ. ಮಗು ಒಂದು ಗಳಿಗೆ ಬಿಕ್ಕುತ್ತ ಕೇಳಿತು. ಆಮೇಲೆ ತಾಯಿಯ ಸದ್ದಲ್ಲವೆಂದು ಗೊತ್ತಾಯಿತೋ ಏನೋ, ಮತ್ತೆ ಮುಖ ಕೆಂಪು ಮಾಡಿಕೊಂಡಿತು.

"ಬರೀ ಕಟ್ಟಿಗಿ ಬಡದ್ರ ಹಂಗ ಕೇಳಂಗಿಲ್ಲ," ಎಂದಳು ರುದ್ರವ್ವ ಗೋಡೆಯ ಹತ್ತಿರದಿಂದ. "ಹಿಟ್ಟು ಬೇಕು."

ಯಾರೂ ಏಳಲಿಲ್ಲ. ಹಿಟ್ಟು ಬೇಕೆಂದರೆ ಏನರ್ಥವೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಜೋಳದ ಹಿಟ್ಟು ತಣ್ಣೀರಿಗೆ ಕೂಡುವುದಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ತಟ್ಟಲು ಬರುತ್ತದೆ. ಒಲೆ ಹಚ್ಚಬೇಕು.

ನಮ್ಮ ಮನೆಯಲ್ಲಿ ನೀರು ಕಾಯಿಸಿ ತರುತ್ತೇನೆ ಎಂದೆ. "ದಾರ್ಯಾಗ ಆರ್ತದ್ರೀ ಅಕ್ಕಾರ," ಎಂದು ರುದ್ರವ್ವ ಎದ್ದಳು.

"ಅತ್ತೀ, ಇನ್ನೂ ಸೂತಕದ ದಿನಾ ಮುಗಿದಿಲ್ಲ," ಎಂದಳು ನೀಲಾಬಾಯಿ, ದನಿ ತಗ್ಗಿಸಿ. "ಸತ್ತಾಕಿ ಮನ್ಯಾಗ ಬೆಂಕಿ..."

"ಸತ್ತಾಕೀನ ಕೇಳು ಹೋಗು, ಕೂಸು ಸಾಯ್ಲೇನು ಅಂತ." ರುದ್ರವ್ವ ಹೊರಗೆ ಹೋದಳು. ಆ ಡಬ್ಬಿಯನ್ನು ಎತ್ತಿಕೊಂಡು ಬಂದಳು. ಸೊಸೆ ಕಟ್ಟಿದ ಗಂಟು ಬಿಚ್ಚಲು ಅವಳ ಉಗುರಿಗೆ ಆಗಲಿಲ್ಲ. ಹಲ್ಲಿನಿಂದ ಬಿಚ್ಚಿದಳು. ಇಡೀ ಖೋಲಿಗೆ ಹೊಸ ಹಿಟ್ಟಿನ ವಾಸನೆ ಬಂತು. ರಾಮಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಒಲೆ ಹೊತ್ತಿತು. ನೀರು ಕುದಿಯಿತು. ಮಗುವನ್ನು ಜೋಳಿಗೆಗೆ ಹಾಕಿದರು. ರುದ್ರವ್ವ ಹಗ್ಗವನ್ನು ತನ್ನ ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು ಕೂತಳು. ಮೊದಲ ರೊಟ್ಟಿ ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದಕ್ಕೆ ಆ ಸದ್ದು ಬಂತು. ಮೆತ್ತನೆಯದು, ಒದ್ದೆಯದು, ನಡುವೆ ರೊಟ್ಟಿ ತಿರುವುವಾಗ ಒಂದು ಬಿಡುವು. ಪಟ ಪಟ ಪಟ, ಮತ್ತೆ ಪಟ ಪಟ.

ಹೊರಗೆ ಆ ಸಾಲಿನ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಇಂದ್ರಾಬಾಯಿ ಬಂದಳೆಂದು ನನಗೂ ಒಂದು ಕ್ಷಣ ಅನಿಸಿತು.

ಅಳು ಸಣ್ಣದಾಯಿತು. ಬಿಕ್ಕಾಯಿತು. ನೀಲಾಬಾಯಿ ಮಗುವನ್ನು ಮೆಲ್ಲನೆ ಎತ್ತಿ, ಒಲೆಯ ಹತ್ತಿರವೇ ಕೂತು ಎದೆಗೆ ಹಚ್ಚಿದಳು.

"ಹಿಡೀತೇನ?" ರುದ್ರವ್ವ ತಿರುಗಿ ನೋಡದೆ ಕೇಳಿದಳು.

"ಹಿಡಿದದ. ನಿಲ್ಲಸಬ್ಯಾಡ್ರಿ ಅತ್ತಿ."

ರುದ್ರವ್ವ ನಿಲ್ಲಿಸಲಿಲ್ಲ. ಮಗು ಕುಡಿಯಿತು, ನಡುವೆ ಕೆಮ್ಮಿತು, ಮತ್ತೆ ಕುಡಿಯಿತು. ರೊಟ್ಟಿಯ ಮೇಲೆ ರೊಟ್ಟಿ ಬಿದ್ದು ರಾಶಿಯಾಯಿತು. ತಿನ್ನಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಮಗು ನಿದ್ದೆಹೋದ ಮೇಲೂ ಅವಳ ಕೈ ಆಡುತ್ತಲೇ ಇತ್ತು. ಕೈ ನಿಂತರೆ ಏನಾಗುವುದೋ ಎಂಬ ಭಯ ನಮ್ಮೆಲ್ಲರಿಗೂ ಇತ್ತು. ಸಂಜೆಗೆ ಡಬ್ಬಿಯ ತಳ ಕಂಡಿತು.

"ನಾಳಿಗೂ ಬೇಕಲ್ಲ," ಎಂದು ಖಂಡಪ್ಪ ಮೂಲೆಯ ಚೀಲದಿಂದ ಜೋಳ ತುಂಬಿಕೊಂಡ. ಆ ನೆಗ್ಗಿದ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಲೈನಿನ ಆಚೆಯ ಗಿರಣಿಗೆ ಹೊರಟ. ಹೊಸ್ತಿಲು ದಾಟುವಾಗ ಹಿಂದಿನಿಂದ ಒಂದು ದನಿ ಕೇಳಿತು. ಮೂರು ದಿನದಿಂದ ಮಾತಾಡದ ರಾಮಪ್ಪನ ದನಿ ಅದೆಂದು ನಮಗೆ ಕೂಡಲೇ ತಿಳಿಯಲಿಲ್ಲ.

"ಖಂಡಪ್ಪಾ, ಪೂಲ್ ಮ್ಯಾಲಿಂದ ಹೋಗೋ."