ಅಕ್ಷತಾಳ ಮನೆಯ ಎಂಟೆಳೆ ಕೇಬಲ್

ಬನಹಟ್ಟಿಯ ಶಿದ್ರಾಮಪ್ಪನ ಸೊಸೆ ಅಕ್ಷತಾ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಮನೆಯವರು "ಮನಿಯಾಗ ಇರತಾಳ್ರಿ" ಎನ್ನುತ್ತಿದ್ದರು. ತಮ್ಮ ಮಗ್ಗದ ಸೀರೆಗಳ ವೀಡಿಯೊ ಸಿದ್ಧ ಮಾಡಿ ಮುಧೋಳದ ವ್ಯಾಪಾರಿ ಸುಭಾಷ್‌ಗೆ ದಿನವೂ ಕಳಿಸುವವಳು ಅವಳೇ. ಅದನ್ನು ನೋಡಿಯೇ ಗಿರಾಕಿಗಳು ಸೀರೆ ತರಿಸಿಕೊಳ್ಳುತ್ತಿದ್ದರು. ಆದರೂ ಅದಕ್ಕೆ ಕೆಲಸ ಎಂಬ ಹೆಸರು ಬಿದ್ದಿರಲಿಲ್ಲ. ಅತ್ತೆ ಪದ್ಮವ್ವನದೂ ಇದೇ ಕತೆ. ಒಲೆಗೂ ತೊಟ್ಟಿಲಿಗೂ ನಡುವೆ ಆಕೆ ನೂಲು ಸುತ್ತಿಕೊಟ್ಟ ಕಂಡಿಕೆಗಳಿಂದಲೇ ಮಗ್ಗ ಓಡಿತು. ನೇಕಾರನೆಂಬ ಹೆಸರು ಮಾತ್ರ ಶಿದ್ರಾಮಪ್ಪನಿಗೆ ಬಂತು.

ಗಂಡ ಸೋಮಲಿಂಗ ಮಗ್ಗದ ಶೆಡ್ಡಿನಲ್ಲಿ ಸೀರೆಗಳ ವೀಡಿಯೊ ತೆಗೆದು ಅಲ್ಲಿಯ ಕಂಪ್ಯೂಟರಿಗೆ ಹಾಕುತ್ತಿದ್ದ. ಅಕ್ಷತಾಳ ಕಂಪ್ಯೂಟರು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ನಡುವಿನ ಕೇಬಲ್‌ನಲ್ಲಿ ಆ ದೊಡ್ಡ ಫೈಲುಗಳು ತೆವಳಿಕೊಂಡು ಬರುತ್ತಿದ್ದವು. ಅವು ಬರುವವರೆಗೆ ಸೊಸೆ ಖಾಲಿ ಕುಳಿತಿರುತ್ತಾಳೆಂಬುದು ಮನೆಗೆ ಬೇಗ ಗೊತ್ತಾಯಿತು.

"ಫೈಲ್ ಬರಾಕತ್ತೇತಿ ಅಲ್ಲ, ಅಲ್ಲೀತನಕ ನಾಕು ರೊಟ್ಟಿ ಬಡದು ಹೋಗವಾ," ಎನ್ನುತ್ತಿದ್ದಳು ಪದ್ಮವ್ವ. ರೊಟ್ಟಿಯ ಹಿಂದೆ ಪಾತ್ರೆ, ಪಾತ್ರೆಯ ಹಿಂದೆ ಬಟ್ಟೆ. ಫೈಲು ಬಂದು ಎಷ್ಟೋ ಹೊತ್ತಾದ ಮೇಲೆ ಅಕ್ಷತಾ ಒದ್ದೆ ಕೈ ಒರೆಸಿಕೊಂಡು ಕುರ್ಚಿಗೆ ಬರುತ್ತಿದ್ದಳು. ವೀಡಿಯೊ ಪದೇ ಪದೇ ತಡವಾಗುತ್ತಿತ್ತು. ಒಂದು ದಿನ ಬೆಳಿಗ್ಗೆ ಸುಭಾಷ್ ಫೋನಿನಲ್ಲಿ ಹೇಳಿಯೇಬಿಟ್ಟ: "ಅಕ್ಕಾರ, ಇವತ್ತ ಸಂಜಿ ದೀಪ ಹಚ್ಚೂದರೊಳಗ ಬರಲಿಲ್ಲಂದ್ರ ಆರ್ಡರ್ ಜಮಖಂಡಿಯವರಿಗೆ ಕೊಡತೇನ್ರಿ. ಸಿಟ್ಟಾಗಬ್ಯಾಡ್ರಿ."

ಸೆಕೆಂಡಿಗೆ ಸಾವಿರ ಮೆಗಾಬಿಟ್ ವೇಗ ಬರಲೆಂದು ಅಕ್ಷತಾ ಹಿಂದಿನ ವಾರವಷ್ಟೇ ಎರಡೂ ಕಂಪ್ಯೂಟರಿಗೆ ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿಸಿದ್ದಳು. ಕೇಬಲ್ಲೂ ಒಳ್ಳೆಯದೇ. ಆದರೂ ಪರದೆ ಮೇಲೆ ನೂರು ಎಂದೇ ತೋರಿಸುತ್ತಿತ್ತು. ಆ ಬೆಳಿಗ್ಗೆ ರೊಟ್ಟಿಗೆ ಕೂಗಿದರೂ ಏಳದೆ, ಕೇಬಲ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಂಟು ತಂತಿ ಇರಬೇಕಾದಲ್ಲಿ ನಾಲ್ಕೇ ಇದ್ದವು. ಗೋಡೆಯ ಗುಂಟ ಹೋಗಿ ನೋಡಿದರೆ ಉಳಿದ ನಾಲ್ಕು ಪಡಸಾಲೆಯ ಟಿವಿಗೆ ಹೊರಳಿದ್ದವು. ಶಿದ್ರಾಮಪ್ಪ ಮಂಚದ ಮೇಲೆ ಒರಗಿ, ಶೆಡ್ಡಿನ ಕ್ಯಾಮೆರಾದಲ್ಲಿ ಮಗ್ಗ ನೋಡುವ ಟಿವಿ ಅದು.

ಕೇಬಲ್ ಎಳೆದಿದ್ದ ಕಲ್ಮೇಶನನ್ನು ಕರೆಸಿದರು.

"ಕಾಕಾ ಮಾಡಂದ್ರು, ಮಾಡಿದೆ," ಎಂದ ಅವನು.

ಶಿದ್ರಾಮಪ್ಪ ಅಳುಕಲಿಲ್ಲ. "ನಾಕರಾಗ ಇಕಿ ಕಂಪ್ಯೂಟರ್ ನಡಿಯಾಕತ್ತಿತ್ತು. ಇನ್ನ ನಾಕು ಎಳಿ ಸುಮ್ಮನ ಕುಂತಿದ್ದೂ. ನೇಕಾರನ ಮನ್ಯಾಗ ಎಳಿ ದಂಡ ಮಾಡತಾರೇನು?"

"ಎಂಟೂ ಕೂಡಿದ್ರನ ಸಾವಿರ ಓಡತೈತ್ರಿ ಮಾಂವಾರ," ಎಂದಳು ಅಕ್ಷತಾ. "ನಾಕರಾಗ ನೂರು ದಾಟಂಗಿಲ್ಲ."

"ಹಂಗಾರ ನಾ ಮಗ್ಗ ಹೆಂಗ ನೋಡ್ಲಿ?"

ಉತ್ತರ ಅಡುಗೆಮನೆಯಿಂದ ಬಂತು. "ಎದ್ದು ಹೋಗಿ ನೋಡ್ರಿ. ಬಾಗಲಾ ದಾಟಿದ್ರ ಶೆಡ್ಡು."

"ಮೊಣಕಾಲು ನೋಯ್ತಾವ."

"ಬಸ್‌ಸ್ಟ್ಯಾಂಡಿನ ಹೊಟೇಲಿಗೆ ಚಾ ಕುಡಿಯಾಕ ಹೋಗೂಮುಂದ ನೋಯಂಗಿಲ್ಲನು?" ಪದ್ಮವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. "ಕಲ್ಮೇಶಾ, ಬಿಚ್ಚೋ ಅದನ್ನ."

ಕಲ್ಮೇಶ ಟಿವಿಯ ಕಡೆಗಿದ್ದ ತಂತಿ ಬಿಡಿಸಿ, ಎರಡೂ ತುದಿಗೆ ಎಂಟೂ ತಂತಿ ಸೇರಿಸಿ ಹೊಸ ಪಿನ್ನು ಒತ್ತಿದ. ಪರದೆ ಸಾವಿರ ತೋರಿಸಿತು. ಅಕ್ಷತಾ ಫೈಲು ಎಳೆದಳು. ಅಭ್ಯಾಸ ಬಲದಿಂದ ಅಡುಗೆಮನೆಗೆ ಹೋಗಿ, ಒಂದು ರೊಟ್ಟಿ ಬಡಿದು ತಿರುಗಿ ಬರುವಷ್ಟರಲ್ಲಿ ಅದು ಬಂದು ಕುಳಿತಿತ್ತು.

"ಬಂತ್ರಿ ಅತ್ತಿ," ಎಂದಳು. ಬುಟ್ಟಿಯಲ್ಲಿ ಹಿಟ್ಟು ಇನ್ನೂ ಉಳಿದಿತ್ತು. ಕಾಯುವ ಹೊತ್ತು ಇಲ್ಲವಾದರೆ ಮಧ್ಯಾಹ್ನದ ರೊಟ್ಟಿ ಯಾರದು ಎಂಬುದು ಆ ಮನೆ ಹಿಂದೆಂದೂ ಕೇಳಿಕೊಂಡಿರದ ಪ್ರಶ್ನೆ.

ಪದ್ಮವ್ವ ಸೊಸೆಯ ಮುಖ ನೋಡಿದಳು, ಹಿಟ್ಟು ನೋಡಿದಳು. ಆಮೇಲೆ ಶೆಡ್ಡಿನ ಕಡೆ ತಿರುಗಿ ಕೂಗಿದಳು. "ಸೋಮ್ಯಾ, ಬಾರಲೇ ಇಲ್ಲಿ. ಹಿಟ್ಟು ನಾದು."

"ನನಗ ಬರಂಗಿಲ್ಲಬೇ."

"ಅಕಿಗೂ ಹುಟ್ಟಿದಾಗ ಬರತಿದ್ದಿಲ್ಲ. ಅಕಿ ಕೆಲಸದಾಗ ಅದಾಳ."

ಅಕ್ಷತಾ ಬಾಗಿಲಲ್ಲೇ ನಿಂತಳು. ಈ ಮನೆಯಲ್ಲಿ ಅವಳ ಕೆಲಸವನ್ನು ಕೆಲಸವೆಂದವಳು ತನ್ನ ಕೆಲಸಕ್ಕೆ ಆ ಹೆಸರನ್ನು ಎಂದೂ ಕೇಳಿರದ ಹೆಂಗಸು. ಕೃತಜ್ಞತೆ ಹೇಳಲು ಮಾತು ಹುಡುಕುವಷ್ಟರಲ್ಲಿ ಪದ್ಮವ್ವ ಗದರಿದಳು: "ಏನ್ ನೋಡತಿ? ಹೊತ್ತು ಹೊಂಟೈತಿ, ಹೋಗು."

ಅವಳು ಹೋಗಿ ಕುಳಿತಳು. ಒಳಗೆ ಸೋಮಲಿಂಗನ ರೊಟ್ಟಿ ಹರಿಯುತ್ತಿತ್ತು. ಶಿದ್ರಾಮಪ್ಪ ಗೊಣಗುತ್ತಾ ಶೆಡ್ಡಿಗೆ ನಡೆದ. ಅವಳನ್ನು ಯಾರೂ ಕರೆಯಲಿಲ್ಲ. ವೀಡಿಯೊ ಮುಗಿಸಿ ಕಳಿಸಿದಾಗ ಹೊರಗೆ ಇನ್ನೂ ಬಿಸಿಲಿತ್ತು. "ಬಂತ್ರಿ ಅಕ್ಕಾರ. ಇನ್ನ ದಿನಾ ಇಷ್ಟೊತ್ತಿಗೆ ಕಳಸ್ರಿ," ಎಂದು ಸುಭಾಷ್ ಬರೆದ.

ಅಕ್ಷತಾ ಅದನ್ನು ಅತ್ತೆಗೆ ಓದಿ ಹೇಳಿದಳು. ಪದ್ಮವ್ವ ತಟ್ಟೆಗೆ ಪುಂಡಿಪಲ್ಯ ಬಡಿಸಿ, ಮಗ ಬಡಿದ ಸೊಟ್ಟ ರೊಟ್ಟಿ ಇಟ್ಟು, ಅವಳ ಮುಂದೆ ಸರಿಸಿದಳು.

"ಕುಂತು ಉಣ್ಣು," ಎಂದಳು. "ನಾಳಿಗೂ ಇಂವನ ಬಡೀತಾನ."