ನಿಲ್ಲಿಸಿ ಓದಿಸುತ್ತಿದ್ದ ಯಮನೂರಪ್ಪ ಕಾಕಾ

ಯಮನೂರಪ್ಪ ಕಾಕಾನಿಗೆ ಇದ್ದದ್ದು ಒಂದೇ ಕಣ್ಣು. ಇನ್ನೊಂದು ಹರೆಯದ ಹೊಡೆದಾಟದಲ್ಲಿ ಹೋಗಿತ್ತು. ಅದೇ ಹೊಡೆದಾಟದಲ್ಲಿ ಎದುರಾಳಿಯ ದವಡೆ ಮುರಿದು ಜೈಲು ಕಂಡು ಬಂದವನು. ಓದಿನ ಹುಚ್ಚು ಹತ್ತಿದ್ದೂ ಅಲ್ಲೇ ಅಂತೆ. ಯಲಬುರ್ಗಾ ತಾಲ್ಲೂಕಿನ ನಮ್ಮೂರಲ್ಲಿ ಅವನು ಎದುರಿಗೆ ಬಂದರೆ ಗಂಡಸರು ದಾರಿ ಬಿಡುತ್ತಿದ್ದರು. ಪಂಚಾಯಿತಿಯ ಗ್ರಂಥಾಲಯ ತೆಗೆಯಲು ಬೇರೆ ಯಾರೂ ಸಿಗದೆ, ಬೀಗದ ಕೈಯನ್ನು ಅವನಿಗೇ ಕೊಟ್ಟಿದ್ದರು. ಪುಸ್ತಕವನ್ನು ಮೂಗಿಗೆ ಒತ್ತಿ ಹಿಡಿದು ಓದುತ್ತ ಕೂತಿರುತ್ತಿದ್ದ.

ಆಗ ನನಗೆ ಒಂಬತ್ತು. ಯಾರೂ ಓದಿ ಹೇಳದೆ ನಾನಾಗಿಯೇ ಒಂದು ಕಥೆ ಮುಗಿಸಿದ ಹೊಸತು. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದೆ. ಕಾಕಾ ನನ್ನನ್ನು ಕಪಾಟಿನ ಮುಂದೆ ನಿಲ್ಲಿಸಿದ.

“ಹುಲಿಗಿ, ಬೇಕಾದ್ದು ತಗೊಂಡು ನಿಂತು ಓದು. ಕಾಲು ನೋಯಾಕ ಹತ್ತಿದ್ರ ಅದು ನಿಂದಲ್ಲ, ವಾಪಸ್ ಇಡು. ನಿನಗ ಗೊತ್ತಿಲ್ದಂಗ ಕುಂತ್ಬಿಟ್ಟಿ ಅಂದ್ರ ಅದು ನಿಂದು. ಮನಿಗೆ ಒಯ್ಯಿ.”

ಊರಿನ ಎಲ್ಲ ಮಕ್ಕಳಿಗೂ ಇದೇ ಪರೀಕ್ಷೆ. ನಾನು ಬಣ್ಣದ ಪುಸ್ತಕಗಳನ್ನು ಒಂದೊಂದಾಗಿ ವಾಪಸ್ ಇಟ್ಟೆ. ಕೊನೆಗೆ ರಾಕ್ಷಸನ ತಲೆ ಕಡಿಯುವ ಒಂದು ಕಥೆ ಸಿಕ್ಕಿತು. ಮೂರನೇ ಪುಟಕ್ಕೆ ನೆಲದ ಹಾಸುಗಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಅಲ್ಲಿಂದ ಮುಂದೆ ಅಂಥವೇ ಬೇಕು ಎಂದು ಹಟ ಹಿಡಿದೆ.

ನಮ್ಮ ಸಾಲಿ ಮಾಸ್ತರು ಒಂದು ದಿನ ಬಂದು ಆಕ್ಷೇಪ ತೆಗೆದರು. “ಹೆಣ್ಣು ಹುಡುಗಿಗೆ ಇಂಥವ್ಯಾಕ ಕೊಡ್ತೀಯಪಾ? ಬರೇ ಕಡಿಯೂದು, ಬಡಿಯೂದು. ನೀತಿಕಥಿ ಕೊಡು.”

“ಸರ, ಆಕಿ ಮನ್ಯಾಗ ದಿನಾ ಬಡಿಯೂದನ್ನ ನೋಡ್ತಾಳ. ಪುಸ್ತಕದಾಗ ಬಡಿಯಾವ ಸೋಲ್ತಾನ್ರಿ. ಅದಷ್ಟು ನೋಡ್ಲಿ ಬಿಡ್ರಿ.”

ಹೌದು, ನನ್ನ ಅಪ್ಪ ಬಡಿಯುವವನು. ಕುಡಿದರೂ ಬಡಿಯುತ್ತಿದ್ದ, ಕುಡಿಯದಿದ್ದರೂ ಬಡಿಯುತ್ತಿದ್ದ. ಅವ್ವನ ಮುಂಗೈ ಎರಡು ಸಲ ಮುರಿದಿತ್ತು. ಇಷ್ಟೆಲ್ಲ ಗೊತ್ತಿದ್ದೂ ಕಾಕಾ ಪುಸ್ತಕವನ್ನು ಮನೆಗೆ ಒಯ್ಯಲು ಬಿಟ್ಟ. ತಪ್ಪು ಎಂದರೆ ಅದೇ ತಪ್ಪು.

ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬಂದು ನೀರು ಕೇಳಿದ್ದು ನನಗೆ ಕೇಳಿಸಲಿಲ್ಲ. ಕಥೆಯಲ್ಲಿ ಮುಳುಗಿದ್ದೆ. ಜಡೆ ಹಿಡಿದು ಎಳೆದ, ಗೋಡೆಗೆ ಬಡಿದ. ಅಡ್ಡ ಬಂದ ಅವ್ವನ ಹೊಟ್ಟೆಗೆ ಒದ್ದ. ಪುಸ್ತಕವನ್ನು ಒಲೆಗೆ ತುರುಕಿದ. ನಾನು ಉರಿಯುವ ಒಲೆಯಿಂದ ಅದನ್ನು ಕಿತ್ತುಕೊಂಡು ಗ್ರಂಥಾಲಯಕ್ಕೆ ಓಡಿದೆ. ಅಂಗೈ ಬೊಬ್ಬೆ ಎದ್ದಿತ್ತು. ಹಿಂದೆಯೇ ಅಪ್ಪ ಗುದ್ದಲಿಯ ಕಾವು ಹಿಡಿದು ಬಂದ.

ಕಾಕಾ ಬಾಗಿಲಿಗೆ ಅಡ್ಡ ನಿಂತ. ಬರಿಗೈ. “ಬಸ್ಯಾ, ಸಿಟ್ಟಿದ್ರ ನನ್ನ ಮ್ಯಾಲೆ ತೀರ್ಸ್ಕೋ. ಕೂಸಿಗೆ ಕೈ ಹಚ್ಚಬ್ಯಾಡ.”

ಅಪ್ಪ ತೀರಿಸಿಕೊಂಡ. ಕಾವು ಬಿದ್ದದ್ದು ಸರಿಯಾಗಿ ಆ ಒಂದೇ ಕಣ್ಣಿನ ಮೇಲೆ. ರಕ್ತ ಗಲ್ಲದ ಮೇಲೆ, ಅಂಗಿಯ ಮೇಲೆ ಇಳಿಯಿತು. ಮುಂದಿನದನ್ನು ಕಾಕಾ ಕಂಡು ಮಾಡಲಿಲ್ಲ, ತಡಕಾಡಿ ಮಾಡಿದ. ಅಪ್ಪನ ಕುತ್ತಿಗೆ ಕೈಗೆ ಸಿಕ್ಕಿತು. ತಲೆಯನ್ನು ಬಾಗಿಲ ಚೌಕಟ್ಟಿಗೆ ಒಮ್ಮೆ ಬಡಿದ, ಮತ್ತೊಮ್ಮೆ ಬಡಿದ. ಮೂರನೇ ಸಲಕ್ಕೆ ಎಳೆದಾಗ ನಾನು ಚೀರಿದೆ. ಮಗಳು ಅಪ್ಪನ ಜೀವ ಉಳಿಸಿದಳು ಎಂದು ಊರು ಇವತ್ತಿಗೂ ಹೇಳುತ್ತದೆ. ಸುಳ್ಳು. ನಾನು ಚೀರಿದ್ದು “ಹೊಡಿ ಕಾಕಾ, ಸಾಯ್ಹೊಡಿ” ಎಂದು.

ಅದನ್ನು ಕೇಳಿ ಅವನ ಕೈ ಸಡಿಲಾಯಿತು. ಅಪ್ಪ ಕೆಳಗೆ ಬಿದ್ದ. ಕಾಕಾ ನಾನಿದ್ದ ಕಡೆಗೆ ಮುಖ ತಿರುಗಿಸಿ, “ನಿನ್ನ ಬಾಯಾಗ ಬ್ಯಾಡವಾ ಇದು” ಎಂದ.

ಪೊಲೀಸರಿಗೆ ತಾನು ಹೊಡೆದದ್ದನ್ನೂ ಮುಚ್ಚಿಡದೆ ಹೇಳಿದ. ಅಪ್ಪ ಜೈಲಿಗೆ ಹೋದ. ಅವ್ವ ನನ್ನನ್ನು ಕರೆದುಕೊಂಡು ಗಂಗಾವತಿಗೆ, ಸೋದರಮಾವನ ಮನೆಗೆ ಬಂದಳು. ಮತ್ತೆ ಅಪ್ಪನ ಮನೆಯ ಹೊಸ್ತಿಲು ತುಳಿಯಲಿಲ್ಲ. ಕಾಕಾನ ಕಣ್ಣು ಮಾತ್ರ ಮರಳಲಿಲ್ಲ. ಅವನು ಕುಷ್ಟಗಿಯ ತಂಗಿಯ ಮನೆ ಸೇರಿದ.

ಈಗ ನಾನೂ ಒಂದು ಶಾಲೆಯಲ್ಲಿ ಟೀಚರ್. “ಮಗಳು ಈಗ ತಾನಾಗೇ ಓದ್ತಾಳ್ರಿ ಟೀಚರ್, ಯಾವ ಪುಸ್ತಕ ಕೊಡೂಣ್ರಿ?” ಎಂದು ತಾಯಂದಿರು ಕೇಳುತ್ತಾರೆ. ಕಪಾಟಿನ ಮುಂದೆ ನಿಲ್ಲಿಸ್ರಿ ಎನ್ನುತ್ತೇನೆ. ಕೆಲವರು ನಗುತ್ತಾರೆ.

ಹೋದ ಬೇಸಿಗೆಯಲ್ಲಿ, ಕಾಕಾ ತೀರಿಕೊಳ್ಳುವ ಹದಿನೈದು ದಿನ ಮುಂಚೆ, ನೋಡಲು ಹೋಗಿದ್ದೆ. ಅವನಿಗಾಗಿ ಒಂದು ಪುಸ್ತಕ ಒಯ್ದಿದ್ದೆ. ಗೋಡೆಗೆ ಒರಗಿ ಕೂತಿದ್ದವನು, “ನಿಂತು ಓದವಾ” ಎಂದ. ನಿಂತು ಓದತೊಡಗಿದೆ. ಎಷ್ಟು ಹೊತ್ತಾಯಿತೋ, ಕಾಕಾ ಕೈ ಎತ್ತಿ ತಡೆದ.

“ಧ್ವನಿ ಕೆಳಗ ಬಂತು. ಕುಂತಿ ಹೌದಿಲ್ಲೋ?”

ನೋಡಿಕೊಂಡೆ. ಅವನ ಕಾಲ ಬಳಿ ನೆಲದ ಮೇಲೆ ಕೂತಿದ್ದೆ.

“ಹೌದು ಕಾಕಾ.”

“ಹಂಗಾರ ಅದು ನಿಂದು. ಮನಿಗೆ ಒಯ್ಯಿ,” ಎಂದ. “ಈಗ ಯಾರೂ ಒಲಿಗೆ ಹಾಕೂದಿಲ್ಲ.”